ತಮಟೆಗೆ ಕಾವು ಕೊಡುವ ಹೊತ್ತು

ನಮ್ಮ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಒಂದು ಮಾತು. ಹೇಗೂ ಯಾರೂ ಓದುವುದಿಲ್ಲ ಎಂಬ ಧೈರ್ಯದಿಂದ ವರದಿ ಬರೆಯಬೇಡಿ. ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಒಂದೇ ಒಂದು ವರದಿಯನ್ನು ಯಾರೋ ಕೊನೆಯ ಪುಟದವರೆಗೆ ಓದಿದರು. ಆ ಪುಟದಲ್ಲಿದ್ದ ಒಂದು ವಾಕ್ಯ ಹಾಗೆಯೇ ಜಾರಿಗೆ ಬಂತು. ಕೋಲಾರದಲ್ಲಿ ಪ್ರತಿ ಭಾನುವಾರ ಹುಟ್ಟುತ್ತಿದ್ದ ಹಾಡುಗಳು ಆ ವಾಕ್ಯದಿಂದ ನಿಂತುಹೋಗುವ ಹಾಗಾಯಿತು.

ನಾನು ಜಿಲ್ಲಾ ಮಟ್ಟದ ಒಂದು ಕಚೇರಿಯಲ್ಲಿ ಕ್ಷೇತ್ರ ಸಹಾಯಕನಾಗಿದ್ದೆ. ಹಾಡಿನ ತಂಡ, ಬೀದಿ ನಾಟಕದ ತಂಡ, ತಮಟೆ ತಂಡಗಳಿಗೆ ಸರ್ಕಾರದ ಕಾರ್ಯಕ್ರಮಗಳು ಸಿಗುತ್ತಿದ್ದವು. ಮಕ್ಕಳನ್ನು ಶಾಲೆಗೆ ಕಳಿಸಿ, ನೀರು ಕಾಯಿಸಿ ಕುಡಿಯಿರಿ, ಮತ ಹಾಕಿ, ಇಂಥವು. ತಂಡ ನಿಜಕ್ಕೂ ಬಂದಿತೇ, ಯಾವಾಗ ಶುರು ಮಾಡಿತು, ಎಷ್ಟು ಜನ ನೋಡಿದರು ಎಂದು ನಿಂತು ಬರೆದುಕೊಂಡು ಬರುವುದು ನನ್ನ ಕೆಲಸ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲೂಕು ನನ್ನವೇ. ಬೆಂಗಳೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡಿ ಬಂದವನಿಗೆ ಇದು ಹೇಳಿ ಮಾಡಿಸಿದ ಕೆಲಸ ಎಂದುಕೊಂಡಿದ್ದೆ. ಒಬ್ಬರು ಹೇಳಿದ್ದನ್ನು ಇನ್ನಿಬ್ಬರು ಹೇಳುವ ತನಕ ನಂಬಬೇಡ ಎಂದು ನಮ್ಮ ಮೇಷ್ಟ್ರು ಕಲಿಸಿದ್ದರು. ಈಗ ಆ ಪಾಠವನ್ನು ನನ್ನ ಮೇಲೆಯೇ ಪ್ರಯೋಗಿಸಬೇಕಾಗಿದೆ. ಇಲ್ಲಿ ಬರೆದಿರುವುದರಲ್ಲಿ ಎಷ್ಟು ನಾನು ಕಂಡದ್ದು, ಎಷ್ಟು ಆಮೇಲೆ ಹೇಳಿ ಹೇಳಿ ಗಟ್ಟಿಯಾದದ್ದು ಎಂದು ಕೇಳಿದರೆ ಪ್ರಮಾಣ ಮಾಡಲಾರೆ. ನನ್ನ ಹಳೆಯ ದಿನಚರಿಗಳಿವೆ. ಅವು ಕೆಲವು ಕಡೆ ನನ್ನ ನೆನಪಿಗೆ ಎದುರು ಮಾತಾಡುತ್ತವೆ. ಅಲ್ಲಲ್ಲಿ ಅದನ್ನೂ ಹೇಳುತ್ತೇನೆ.

ಮೊದಲ ವರ್ಷ ತಾಯಲೂರಿನಲ್ಲಿ ಒಂದು ಕಾರ್ಯಕ್ರಮ. ಸಂಜೆ ನಾಲ್ಕಕ್ಕೆ ಶುರುವಾಗಬೇಕು. ಮುಖ್ಯ ಅತಿಥಿಗಳು ಬಂದು ಕುರ್ಚಿಯಲ್ಲಿ ಕುಳಿತಾಗಿದೆ. ತಂಡದವರು ಮಾತ್ರ ಶಾಲೆಯ ಹಿಂದೆ ಹುಲ್ಲು, ತೆಂಗಿನ ಗರಿ ಗುಡ್ಡೆ ಹಾಕಿ ಬೆಂಕಿ ಹಚ್ಚಿಕೊಂಡು ಅದರ ಸುತ್ತ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ತಂಡದ ಯಜಮಾನ ಮುನಿಯಪ್ಪ, ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು, ಒಂದು ತಮಟೆಯನ್ನು ಬೆಂಕಿಗೆ ಹಿಡಿದು ತಿರುಗಿಸುತ್ತಿದ್ದರು.

"ಹೊತ್ತಾಯ್ತು, ಶುರು ಮಾಡ್ರಪ್ಪ," ಅಂದೆ.

"ಚರ್ಮ ಇನ್ನೂ ಎದ್ದಿಲ್ಲ ಸಾರ್," ಅಂದರು ಮುನಿಯಪ್ಪ, ತಲೆ ಎತ್ತದೆ.

"ಎದ್ದಿಲ್ಲ ಅಂದ್ರೆ?"

"ನಿಮ್ಮನ್ನ ಬೆಳಗ್ಗೆ ಎಬ್ಬಿಸಿದ ತಕ್ಷಣ ಹಾಡು ಅಂದ್ರೆ ಹಾಡ್ತೀರಾ? ಇದೂ ಅಂಗೇನೆ."

ತಮಟೆಯ ಚರ್ಮ ತಣ್ಣಗಿದ್ದಾಗ ಸಡಿಲವಾಗಿರುತ್ತದೆ, ಬಡಿದರೆ ಸದ್ದು ಹಸಿ ಗೋಡೆ ತಟ್ಟಿದ ಹಾಗೆ ಬರುತ್ತದೆ. ಕಾವು ಕೊಟ್ಟರೆ ಬಿಗಿಯಾಗುತ್ತದೆ. ಬೆರಳಿನಿಂದ ಚಿಮ್ಮಿದಾಗ ಠಣ್ ಎಂದರೆ ಎದ್ದಿತು ಎಂದು ಲೆಕ್ಕ. ಆರು ತಮಟೆ ಇದ್ದರೆ ಆರೂ ಏಳುವ ತನಕ ಕಾಯಬೇಕು. ಅತಿಥಿಗಳು ಎದ್ದು ಹೋದರು. ತಲೆ ಎಣಿಸುವ ಕೆಲಸವಾದರೂ ಮುಗಿಯಲಿ ಎಂದು ನಾನು ಜನರನ್ನು ಎಣಿಸುತ್ತಾ ಓಡಾಡಿದೆ. ಮುಗಿದ ಮೇಲೆ ಒಬ್ಬ ಮುದುಕಿ ನನ್ನನ್ನು ತಡೆದು, "ಆಗ್ಲಿಂದ ನಮ್ಮನ್ನೇ ಎಣಿಸ್ತಾ ಇದ್ದೀಯಲ್ಲಪ್ಪ, ಪಾಟ ಒಂದಾದ್ರೂ ಕೇಳ್ದ್ಯಾ?" ಎಂದು ಕೇಳಿದಳು. ಆ ಕಡೆ ತೆಲುಗಿನವರು ಹಾಡಿಗೆ ಪಾಟ ಎನ್ನುತ್ತಾರೆ. ನಾನು ಕೇಳಿರಲಿಲ್ಲ.

ನಮ್ಮ ಮೇಲಧಿಕಾರಿಗಳಿಗೆ ಹೊತ್ತು ಎಂದರೆ ಪ್ರಾಣ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡೇ ಮಾತಿಗೆ ಕೂರುತ್ತಿದ್ದರು. ಕೆಟ್ಟವರಲ್ಲ. ಒಂದು ದಿನ ಬೆಂಗಳೂರಿನಿಂದ ಬಂದ ಯಾರೋ ಅವರನ್ನು ಕೇಳಿದರಂತೆ: ರಾಜ್ಯದಲ್ಲಿ ಎಲ್ಲಿ ಹೋರಾಟ ನಡೆದರೂ, ಎಲ್ಲಿ ಬೀದಿ ನಾಟಕ ಆದರೂ ಅಲ್ಲಿ ಕೋಲಾರದ ಒಂದು ಹಾಡು ಇರುತ್ತದಲ್ಲ, ಈ ಊರಿನಲ್ಲೇ ಯಾಕೆ? ಸಾಹೇಬರು ನನ್ನನ್ನು ಕರೆದು, "ನೀನು ಓದಿದೋನು. ಯಾಕೆ ಅಂತ ಬರ್ಕೊಂಡು ಬಾ. ತಿಂಗಳೊಪ್ಪತ್ತು ಟೈಮು," ಅಂದರು.

ವಿಶ್ವವಿದ್ಯಾಲಯದಲ್ಲಿ ಕಲಿತದ್ದಕ್ಕೆ ಕೊನೆಗೂ ಕೆಲಸ ಸಿಕ್ಕಿತೆಂದು ನನಗೆ ಎಲ್ಲಿಲ್ಲದ ಹುರುಪು. ಕಾರಣಗಳನ್ನು ಹುಡುಕಿದೆ. ಪಕ್ಕದ ಚಿನ್ನದ ಗಣಿಯ ಕಾರ್ಮಿಕ ಸಂಘಗಳು, ಊರಿನ ವಿದ್ಯಾರ್ಥಿ ನಿಲಯಗಳು, ಮಳೆ ನಂಬಿದ ಬೇಸಾಯದಲ್ಲಿ ಸಿಗುವ ಬಿಡುವಿನ ತಿಂಗಳುಗಳು, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು ಆಡುವ ಜನರ ಬಾಯಲ್ಲಿ ಮಟ್ಟುಗಳ ಬೆರಕೆ. ಎಲ್ಲವೂ ನಿಜವೇ. ಆದರೆ ರಾತ್ರಿ ಮಲಗುವಾಗ ಒಂದು ಅನುಮಾನ ಕಾಡುತ್ತಿತ್ತು. ಇವೆಲ್ಲ ಸುತ್ತಲಿನ ಬೇರೆ ಊರುಗಳಿಗೂ ಇವೆಯಲ್ಲ. ಅಲ್ಲಿ ಯಾಕೆ ಇಷ್ಟು ಹಾಡು ಹುಟ್ಟಲಿಲ್ಲ?

ಅದಕ್ಕೇ ಒಂದು ಭಾನುವಾರ ಬಸ್ ನಿಲ್ದಾಣದ ಹಿಂದಿನ ಹಳೆಯ ಬಂಡಿ ಶೆಡ್ಡಿಗೆ ಹೋದೆ. ನಾಲ್ಕೂ ತಾಲೂಕಿನ ತಂಡದವರು ಮಧ್ಯಾಹ್ನದ ಊಟ ಮುಗಿಸಿ ಅಲ್ಲಿ ಸೇರಿ ಅಭ್ಯಾಸ ಮಾಡುತ್ತಿದ್ದರು. ಅಂದು ನೋಡಿದ್ದನ್ನು ನಾನು ಇವತ್ತಿಗೂ ಪೂರ್ತಿ ನಂಬಿಲ್ಲ.

ಬೆಂಕಿ ಹತ್ತಿತ್ತು. ತಮಟೆಗಳನ್ನು ಸುತ್ತ ಆನಿಸಿದ್ದರು. ಬೆಂಕಿಯ ಒಂದು ಪಕ್ಕ ನಲವತ್ತರ ಒಬ್ಬ ಹೆಂಗಸು ಕುಳಿತಿದ್ದರು. ವೆಂಕಟಮ್ಮ, ಶ್ರೀನಿವಾಸಪುರ ತಾಲೂಕಿನ ಗೌನಿಪಲ್ಲಿಯವರು, ಕೋಲಾರಕ್ಕೆ ಗಾರೆ ಕೆಲಸಕ್ಕೆ ಬರುತ್ತಿದ್ದವರು. ಅವರ ಗಂಟಲು ಚಿಕ್ಕಂದಿನಿಂದಲೂ ಕಟ್ಟಿದ್ದು. ಮಾತು ಮರಳಿನ ಮೇಲೆ ಗುದ್ದಲಿ ಎಳೆದ ಹಾಗೆ, ಎರಡು ಮಾರು ದೂರಕ್ಕೆ ಕೇಳಿಸದು. ಅವರೆದುರು ಮುಳಬಾಗಿಲಿನ ಬಾಷಾ. ತಗಡಿನ ಟ್ರಂಕು ಮಾಡುವ ಅಂಗಡಿ ಅವನದು. ಅವನು ಕಿವಿಯನ್ನು ವೆಂಕಟಮ್ಮನವರ ಬಾಯಿಯ ಹತ್ತಿರಕ್ಕೆ ತಂದು ಕಣ್ಣು ಮುಚ್ಚಿ ಕುಳಿತಿದ್ದ. ಅವರು ಏನೋ ಗೊಣಗಿದರು. ಒಂದೇ ಸಲ. ಬಾಷಾ ಸ್ವಲ್ಪ ಹೊತ್ತು ಬೆಂಕಿ ನೋಡಿದ. ಆಮೇಲೆ ಎದ್ದು ನಿಂತು, ಶೆಡ್ಡಿನ ತಗಡು ನಡುಗುವ ಹಾಗೆ ಹಾಡಿದ:

ನಾವೇ ಹೊತ್ತ ಕಲ್ಲು ಗೋಡೆಯಾಯ್ತು
ಗೋಡೆ ನಮ್ಮನ್ನೇ ಹೊರಗಿಟ್ಟಿತು
ಬಾಗಿಲ ಮರವೂ ನಮ್ಮ ತೋಪಿನದೇ
ಬಡಿದರೆ ನಮ್ಮ ದನಿ ಗುರುತಿಸೀತು

ಅಷ್ಟು ಜನ ಇದ್ದ ಶೆಡ್ಡಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ವೆಂಕಟಮ್ಮ ಮಾತ್ರ ತಲೆ ಓರೆ ಮಾಡಿ, ಬೇರೆ ಯಾರದೋ ಹಾಡು ಕೇಳುವವರ ಹಾಗೆ ಕೇಳುತ್ತಿದ್ದರು.

"ಎರಡ್ನೇ ಸಾಲಲ್ಲಿ ಎಡವಿದೆ ಬಾಷಾ," ಅಂದರು.

"ನಾನು ಎಡವಿಲ್ಲಕ್ಕಾ. ನಿನ್ ಸಾಲೇ ಕುಂಟ್ತಾ ಐತೆ."

"ಪೋನೀ, ಹೋಗ್ಲಿ, ಅಂಗಾದ್ರೆ ನೀನೇ ನಡಿಸ್ಕೊ."

ಅವನು ಅದೇ ಸಾಲನ್ನು ಇನ್ನೊಂದು ಥರ ಹಾಡಿದ. ವೆಂಕಟಮ್ಮ ಹ್ಞೂಂ ಅಂದರು. ಅಷ್ಟರಲ್ಲಿ ಒಂದು ತಮಟೆ ಠಣ್ ಅಂದಿತು.

ಮುನಿಯಪ್ಪನವರನ್ನು ಕೇಳಿದಾಗ ಪದ್ಧತಿ ತಿಳಿಯಿತು. ಕಾವಿನ ಹೊತ್ತಿನಲ್ಲಿ ಯಾರು ಬೇಕಾದರೂ ಹೊಸ ಹಾಡು ತರಬಹುದು. ಆದರೆ ಕಟ್ಟಿದವರು ಅದನ್ನು ಎದ್ದು ಹಾಡುವ ಹಾಗಿಲ್ಲ. ಬೇರೆ ತಾಲೂಕಿನವರೊಬ್ಬರ ಕಿವಿಯಲ್ಲಿ ಒಂದೇ ಸಲ ಹೇಳಬೇಕು. ಅವರ ಬಾಯಿಗೆ ಹತ್ತಿದರೆ ಹಾಡು, ಹತ್ತದಿದ್ದರೆ ಬೆಂಕಿಗೆ. ಬರೆದುಕೊಳ್ಳುವಂತಿಲ್ಲ. ಯಾರು ಕಟ್ಟಿದರು ಎಂದು ಹೊರಗೆ ಹೇಳುವಂತಿಲ್ಲ.

"ಯಾಕೆ ಹೀಗೆ?" ಅಂದೆ.

"ಯಾಕೆ ಅಂದ್ರೆ? ಕಾಯ್ತಾ ಕುಂತಿರ್ತೀವಲ್ಲ ಸಾರ್, ಸುಮ್ನೆ ಬೀಡಿ ಸೇದೋ ಬದ್ಲು."

ಬಾಷಾನನ್ನು ಕೇಳಿದೆ. ಅವರವರ ಹಾಡು ಅವರವರೇ ಹಾಡಿದರೆ ಜಗಳ ಆಗುತ್ತದೆ ಅಂದ. ವೆಂಕಟಮ್ಮನವರನ್ನು ಕೇಳಿದೆ. ನನಗೆ ಗಂಟಲಿಲ್ಲವಲ್ಲ ಸಾಮಿ, ಅದಕ್ಕೆ ಅಂದರು. ಮೂವರಿಂದ ಮೂರು ಉತ್ತರ. ಒಂದಕ್ಕೊಂದು ತಾಳೆಯಾಗಲಿಲ್ಲ. ಆದ್ದರಿಂದ ಅದನ್ನು ನಾನು ವರದಿಗೆ ಸೇರಿಸಲಿಲ್ಲ. ವಿಧಾನ ಕಲಿತವನ ತಪ್ಪು ಅದು.

ಇನ್ನೊಂದು ಸಂಗತಿ. ಮೂರು ನಾಲ್ಕು ದಿನ ಬಿಟ್ಟು ಬೈರಕೂರಿಗೆ ಬಸ್ಸಿನಲ್ಲಿ ಹೋಗಿದ್ದೆ. ಇಳಿದು ನಡೆಯುವಾಗ ರಸ್ತೆ ಪಕ್ಕದ ತೋಟದಲ್ಲಿ ಟೊಮೆಟೊ ಬಿಡಿಸುತ್ತಿದ್ದ ಹೆಂಗಸರು ಏನೋ ಹಾಡಿಕೊಳ್ಳುತ್ತಿದ್ದರು. ಕಿವಿಗೊಟ್ಟೆ. ಅದೇ ಗೋಡೆಯ ಹಾಡು. ಬಾಗಿಲು ಇದ್ದ ಕಡೆ ಅವರ ತೆಲುಗಿನ ತಲುಪು ಬಂದಿತ್ತು, ಮಟ್ಟು ಕುಣಿಯುವಂತಾಗಿತ್ತು. ನಾನು ತೋಟದ ಬದುವಿನ ಮೇಲೆ ನಿಂತು, "ಈ ಹಾಡು ಎಲ್ಲಿ ಕಲಿತ್ರಮ್ಮ?" ಅಂದೆ.

"ಇದಾ? ಇದು ಹಳೇದು. ನಮ್ಮಜ್ಜಿ ಹಾಡೋಳು," ಅಂದಳು ಒಬ್ಬಳು. ಉಳಿದವರೂ ಹೌದು ಹೌದು ಅಂದರು.

ಭಾನುವಾರ ಹುಟ್ಟಿದ ಹಾಡು ನಾಲ್ಕು ದಿನದಲ್ಲಿ ಅಜ್ಜಿಯ ಕಾಲದ್ದಾಗಿತ್ತು. ಬಿಸಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕಣ್ಣೆದುರೇ ಬೀಜ ಮರವಾದದ್ದನ್ನು ನೋಡಿದ ಹಾಗಿತ್ತು. ಇದನ್ನು ನಾನು ನೂರಾರು ಸಲ ಹೇಳಿದ್ದೇನೆ. ಈಚೆಗೆ ದಿನಚರಿ ತೆಗೆದು ನೋಡಿದೆ. ಆ ವಾರವಿಡೀ ನಾನು ಮಾಲೂರಿನಲ್ಲಿದ್ದೆ ಎಂದು ನನ್ನದೇ ಅಕ್ಷರದಲ್ಲಿದೆ. ಬೈರಕೂರಿನ ಹೆಸರೇ ಇಲ್ಲ. ಬಹುಶಃ ವಾರ ಬೇರೆ ಇರಬೇಕು. ಅಥವಾ ಹಾಡು ಬೇರೆ ಇರಬೇಕು. ಆ ಹೆಂಗಸಿನ ಕೈಯಲ್ಲಿ ಟೊಮೆಟೊ ಗಿಡದ ಹಸಿರು ಕರೆ ಮೆತ್ತಿದ್ದದ್ದು ಮಾತ್ರ ಸುಳ್ಳಲ್ಲ.

ಹನ್ನೆರಡು ಪುಟದ ವರದಿ ಬರೆದೆ. ಗಣಿ, ಹಾಸ್ಟೆಲು, ಮಳೆ, ಭಾಷೆ, ಎಲ್ಲ ಬರೆದೆ. ಕೊನೆಯ ಪುಟದಲ್ಲಿ ಶಿಫಾರಸು ಇರಬೇಕಲ್ಲ. ತಾಯಲೂರಿನ ಮುಖ್ಯ ಅತಿಥಿಗಳು ಎದ್ದು ಹೋದದ್ದು ನೆನಪಾಯಿತು. ಬರೆದೆ: ತಮಟೆ ಕಾಯಿಸುವುದರಲ್ಲಿ ಕಾರ್ಯಕ್ರಮದ ಬಹುಪಾಲು ಸಮಯ ವ್ಯರ್ಥವಾಗುತ್ತಿದ್ದು, ತಂಡಗಳಿಗೆ ಫೈಬರ್ ತಮಟೆ ಒದಗಿಸುವುದು ಸೂಕ್ತ.

ಸಾಹೇಬರು ಗಡಿಯಾರ ನೋಡಿಕೊಂಡು ನಕ್ಕರು. "ಹನ್ನೆರಡು ಪುಟದಲ್ಲಿ ಇದೊಂದು ಕೆಲಸಕ್ಕೆ ಬರೋ ಮಾತು ಬರ್ದಿದ್ದೀಯ ಕಣೋ," ಅಂದರು.

ಆರೇ ತಿಂಗಳಲ್ಲಿ ತಮಟೆಗಳು ಬಂದವು. ಫೈಬರ್ ತಮಟೆಗೆ ಬೆಂಕಿ ಬೇಡ. ಸುತ್ತಲಿನ ಬೋಲ್ಟುಗಳನ್ನು ಸ್ಪ್ಯಾನರಿನಲ್ಲಿ ತಿರುಗಿಸಿದರೆ ಬಿಗಿ. ಮಳೆಗೂ ಜಗ್ಗದು, ಚಳಿಗೂ ಜಗ್ಗದು. ಕಾರ್ಯಕ್ರಮಗಳು ಹೇಳಿದ ಹೊತ್ತಿಗೆ ಶುರುವಾದವು. ತಂಡದವರು ಕೂಡ ಖುಷಿಪಟ್ಟರು ಎಂದು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮುನಿಯಪ್ಪನವರೇ, "ಹೊಗೆ ಕುಡಿಯೋದು ತಪ್ಪಿಸಿದ್ರಿ ಸಾರ್," ಅಂದಿದ್ದರು. ನಾನು ಮತ್ತೆ ಶೆಡ್ಡಿಗೆ ಹೋಗಿದ್ದು ಒಂದು ವರ್ಷದ ಮೇಲೆ. ಭಾನುವಾರದ ಅಭ್ಯಾಸ ನಡೆಯುತ್ತಿತ್ತು. ಬಂದರು, ಬೋಲ್ಟು ತಿರುಗಿಸಿದರು, ಗೊತ್ತಿದ್ದ ಹಾಡುಗಳನ್ನು ಬಾರಿಸಿದರು, ಬಸ್ಸಿಗೆ ಹೊರಟರು. ಬೆಂಕಿ ಇರಲಿಲ್ಲ. ಬೆಂಕಿಯ ಸುತ್ತ ಕೂರುವವರೂ ಇರಲಿಲ್ಲ.

"ವೆಂಕಟಮ್ಮ ಎಲ್ಲಿ?" ಅಂದೆ.

"ಬರೋದು ಬಿಟ್ಟು ಬಹಳ ದಿನ ಆಯ್ತು," ಅಂದರು ಮುನಿಯಪ್ಪ. "ಬಂದು ಎಲ್ಲಿ ಕೂತ್ಕೋತಾಳೆ? ಈ ಸದ್ದಲ್ಲಿ ಆಯಮ್ಮನ ಮಾತು ಯಾರಿಗೆ ಕೇಳ್ತದೆ?"

ಆಗಲೂ ನನಗೆ ಪೂರ್ತಿ ಹೊಳೆಯಲಿಲ್ಲ. ಕಾರಣ ಎಂದರೆ ಇರುವ ವಸ್ತುಗಳಲ್ಲಿ ಹುಡುಕಬೇಕು ಎಂದು ಕಲಿತಿದ್ದೆ. ಇಲ್ಲಿ ಕಾರಣವಾಗಿದ್ದದ್ದು ಏನೂ ಮಾಡದೆ ಕಾಯುವ ಮುಕ್ಕಾಲು ಗಂಟೆ. ಹಳ್ಳಿಯಲ್ಲಿ ಹಾಡು ಕಟ್ಟಿದವರಿಗೆ ಕೇಳುವವರೆಲ್ಲ ತಮ್ಮವರೇ. ತಮ್ಮವರು ತಪ್ಪು ತೋರಿಸುವುದಿಲ್ಲ, ಹಾಡನ್ನು ದೂರಕ್ಕೆ ಒಯ್ಯುವುದೂ ಇಲ್ಲ. ನಾಲ್ಕು ದಿಕ್ಕಿನ ಬಸ್ಸುಗಳು ಸೇರುವ ಊರಿನಲ್ಲಿ ಒಬ್ಬ ಹೊರಗಿನವನು ಸಿಗುತ್ತಾನೆ. ಅವನನ್ನು ಮುಕ್ಕಾಲು ಗಂಟೆ ಹಿಡಿದು ಕೂರಿಸಲು ಒಂದು ಬೆಂಕಿ ಬೇಕು. ಇಷ್ಟನ್ನು ಯೋಚಿಸಿ ಮುಗಿಸುವ ಹೊತ್ತಿಗೆ ನಾನು ನಿವೃತ್ತನಾಗಿದ್ದೆ. ಇದೂ ಸರಿ ಎಂದು ಹೇಗೆ ಹೇಳಲಿ? ನಾಳೆ ಯಾರಾದರೂ ಬಂದು ಬೇರೆ ಕಾರಣ ತೋರಿಸಿದರೆ ಒಪ್ಪಿಕೊಂಡೇನು.

ಕಳೆದ ವರ್ಷ ಒಂದು ಮದುವೆಗೆಂದು ಮುಳಬಾಗಿಲಿಗೆ ಹೋದಾಗ ಬಾಷಾನ ಅಂಗಡಿ ಹುಡುಕಿದೆ. ಟ್ರಂಕು ಕೊಳ್ಳುವವರು ಈಗ ಕಡಿಮೆ. ಅವನು ತಗಡಿನ ಡಬ್ಬಗಳ ನಡುವೆ ಕುಳಿತಿದ್ದ, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನಾನು ಮಾತಾಡಿದರೆ ನನ್ನ ತುಟಿ ನೋಡುತ್ತಿದ್ದ.

"ಜೋರಾಗಿ ಹೇಳಿ ಸಾಬ್. ನಲ್ವತ್ತು ವರ್ಷ ತಗಡು ಬಡ್ದು ಕಿವಿ ಹೋಯ್ತು."

"ಹಾಡೋದು?"

"ಬಾಯಿ ಐತೆ. ಕಿವಿ ಇಲ್ದೆ ಬಾಯಿ ಇಟ್ಕೊಂಡು ಏನ್ಮಾಡ್ಲಿ?" ಅಂದ. ಚಹಾ ತರಿಸಿದ. ಆಮೇಲೆ, "ವೆಂಕಟಕ್ಕನ ಹತ್ರ ಹಾಡು ಅಂಗಂಗೇ ಕುಂತವೆ ಸಾಬ್. ತಗೊಂಡು ಬರೋರಿಲ್ಲ. ಮುನಿಯಪ್ಪ ಬೇರೆ, ಈ ತಿಂಗಳು ಕಳೆದ್ರೆ ಶೆಡ್ಡಿಗೆ ಬರಲ್ಲ, ನಿಲ್ಸಿಬಿಡ್ತೀನಿ ಅಂತಾನೆ. ಹಳೇ ಹಾಡೇ ಎಷ್ಟು ದಿನ ಬಾರಿಸೋದು ಅಂತಾನೆ."

"ಯಾರಾದ್ರೂ ಹೋಗಿ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬರಬಹುದಲ್ಲ."

"ಯಾರಾದ್ರೂ ಅಂದ್ರೆ ಯಾರು?" ಎಂದು ಕೇಳಿ ನನ್ನ ಮುಖವನ್ನೇ ನೋಡಿದ. "ಬೆಂಕಿ ಆರಿಸಿದೋರು ನೀವಲ್ವಾ?"

ಅವನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತಂತೆ. ಇಷ್ಟು ವರ್ಷ ಯಾರೂ ಒಂದು ಮಾತು ಆಡಿರಲಿಲ್ಲ.

ಆ ತಿಂಗಳ ಕೊನೆಯ ಭಾನುವಾರ ಬೆಳಗಿನ ಬಸ್ಸಿಗೆ ಗೌನಿಪಲ್ಲಿಗೆ ಹೋದೆ. ಮಾವಿನ ಕಾಲ. ವೆಂಕಟಮ್ಮ ಮನೆಯ ಮುಂದಿನ ಚಪ್ಪರದಲ್ಲಿ ಹುಲ್ಲು ಹಾಸಿ ಕಾಯಿಗಳನ್ನು ಜೋಡಿಸುತ್ತಿದ್ದರು. ನನ್ನನ್ನು ಗುರುತಿಸಿದರು. ಬಂದ ಕೆಲಸ ಹೇಳಿ ಫೋನು ತೆಗೆದೆ. ಅವರು ತಲೆ ಅಲ್ಲಾಡಿಸಿದರು.

"ಅದು ಬ್ಯಾಡ ಸಾಮಿ. ಅದು ಏನೂ ಮರೆಯಲ್ಲ."

"ಒಳ್ಳೇದೇ ಅಲ್ವೇನಮ್ಮ?"

"ಮರೀದೇ ಇದ್ರೆ ಹಾಡು ಹೆಂಗೆ ಹಣ್ಣಾಗ್ತದೆ?" ಅವರು ಒಂದು ಕಾಯಿ ಎತ್ತಿ ಮೂಸಿ ಮತ್ತೆ ಹುಲ್ಲಿನೊಳಗೆ ಇಟ್ಟರು. "ನೀವು ಯಾವ ತಾಲೂಕು?"

"ಕೋಲಾರ."

"ಅಂಗಾದ್ರೆ ಆಗ್ತದೆ. ಹತ್ರ ಬನ್ನಿ."

"ವೆಂಕಟಮ್ಮ, ನನಗೆ ಹಾಡೋಕೆ ಬರಲ್ಲ. ನೆನಪೂ ಸರಿ ಇಲ್ಲ. ನಿನ್ನೆ ತಿಂದದ್ದು ಕೇಳಿದ್ರೂ ಹೇಳಲಾರೆ."

"ನಂಗೂ ಗಂಟ್ಲಿಲ್ಲ. ಸರಿಹೋಯ್ತಲ್ಲ," ಎಂದು ನಕ್ಕರು.

ಕಿವಿ ಕೊಟ್ಟೆ. ಆ ಒರಟು ಪಿಸುಮಾತಿನಲ್ಲಿ ನಾಲ್ಕು ಸಾಲು. ಒಂದೇ ಸಲ. ಇಷ್ಟು ಹತ್ತಿರದಿಂದ ನಾನು ಹಾಡು ಕೇಳಿದ್ದೇ ಇಲ್ಲ. ಉಸಿರಿನಲ್ಲಿ ಎಲೆ ಅಡಿಕೆಯ ವಾಸನೆ ಇತ್ತು. ಕಟ್ಟಿದ ಗಂಟಲಿನ ಕೆಳಗೆ, ಎಲ್ಲೋ ಆಳದಲ್ಲಿ, ಒಂದು ಮಟ್ಟು ತೀರ ಸ್ಪಷ್ಟವಾಗಿ ಹರಿಯುತ್ತಿತ್ತು. ಬಾಷಾ ಇದನ್ನು ಹೇಗೆ ಹಿಡಿಯುತ್ತಿದ್ದ ಎಂದು ನೆನೆದು ಬೆರಗಾಯಿತು.

ಬಸ್ಸು ಹತ್ತಿದ ಕ್ಷಣದಿಂದ ಬಾಯಲ್ಲಿ ಅದನ್ನೇ ಹೊರಳಿಸುತ್ತಿದ್ದೆ. ಕಂಡಕ್ಟರ್ ಟಿಕೆಟ್ಟು ಕೊಡುತ್ತಾ, "ಏನ್ ಸಾರ್, ಜಪ ಮಾಡ್ತಾ ಇದ್ದೀರಾ?" ಅಂದ. ಉತ್ತರ ಕೊಡಲು ಹೆದರಿಕೆ. ಕೊಟ್ಟರೆ ಒಂದು ಸಾಲು ಉದುರಿ ಹೋದೀತು ಎಂದು ಟಿಕೆಟ್ಟು ಇಸಿದುಕೊಂಡು ಸುಮ್ಮನಾದೆ. ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಹಳೆಯ ಪರಿಚಯದವರೊಬ್ಬರು ಸಿಕ್ಕಿ ಹೆಗಲ ಮೇಲೆ ಕೈಹಾಕಿ, ಚೆನ್ನಾಗಿದ್ದೀರಾ, ಪೆನ್ಷನ್ ಸರಿಯಾಗಿ ಬರ್ತಾ ಇದೆಯಾ ಎಂದು ಕೇಳಿದರು. ಚೆನ್ನಾಗಿದ್ದೀನಿ ಅಂದೆ. ಕೋಲಾರದ ಬಸ್ಸಿನಲ್ಲಿ ಕುಳಿತಾಗ ಮೂರನೆಯ ಸಾಲು ಇರಲಿಲ್ಲ.

ಮೊದಲೆರಡು ಇದ್ದವು, ನಾಲ್ಕನೆಯದು ಇತ್ತು, ನಡುವೆ ಬರಿದು. ಕಿಟಕಿಗೆ ತಲೆ ಆನಿಸಿ ಹುಡುಕಿದೆ. ಎಲೆ ಎಂಬ ಮಾತು ಇತ್ತೇ? ಹೆಸರು ಎಂಬುದು ಇತ್ತೇ? ಊರು ಹತ್ತಿರ ಬಂದಾಗ ಒಂದು ಸಾಲು ತಾನಾಗಿ ಬಂದು ಆ ಜಾಗದಲ್ಲಿ ಕುಳಿತಿತು. ಹೊಸದಾಗಿ ಬಂತೋ, ಮರಳಿ ಬಂತೋ, ತಿಳಿಯಲಿಲ್ಲ.

ಶೆಡ್ಡಿನಲ್ಲಿ ಐದಾರು ಜನ ಇದ್ದರು. ಹಾಸ್ಟೆಲಿನ ಇಬ್ಬರು ಹುಡುಗಿಯರು ಹೊರಡಲು ಎದ್ದಿದ್ದರು. ಮುನಿಯಪ್ಪ ಫೈಬರ್ ತಮಟೆಗಳನ್ನು ಚೀಲಕ್ಕೆ ಹಾಕುತ್ತಿದ್ದರು.

"ವೆಂಕಟಮ್ಮನ ಹತ್ತಿರದಿಂದ ಬಂದೆ," ಅಂದೆ.

ಅವರು ಚೀಲವನ್ನು ಕೆಳಗಿಟ್ಟರು. ಆಮೇಲೆ ಮೂಲೆಗೆ ಹೋಗಿ ಗೋಣಿ ಸರಿಸಿ ಒಂದು ಹಳೆಯ ಚರ್ಮದ ತಮಟೆ ತೆಗೆದರು. ಹುಡುಗಿಯರಲ್ಲಿ ಒಬ್ಬಳು ಕೇಳುವ ಮೊದಲೇ ತೆಂಗಿನ ಗರಿ ಎಳೆದು ತಂದಳು. ಬೆಂಕಿ ಹತ್ತಿತು. ಮುನಿಯಪ್ಪ ಮಾಲೂರಿನವರು, ಬೇರೆ ತಾಲೂಕು. ಅವರ ಕಿವಿಯ ಹತ್ತಿರ ಬಗ್ಗಿ ನನ್ನ ಒಡಕು ದನಿಯಲ್ಲಿ ಹೇಳಿದೆ. ಅವರು ಎದ್ದು ನಿಂತರು.

ಬೇರಿಗೆ ನೀರು ಹೊತ್ತೋರು ನಾವು
ನೆರಳು ಯಾರದು ಹೇಳಕ್ಕಾ
ಎಲೆಯ ಮೇಲೆ ಹೆಸರಿಲ್ಲ ನೋಡು
ಮರವನೆ ಕೇಳಿ ಬಾರಕ್ಕಾ

ಎರಡನೆಯ ಸಲ ಹಾಡುವಾಗ ಹುಡುಗಿಯರು ಸೇರಿಕೊಂಡರು. ತಮಟೆ ಠಣ್ ಅಂದಿತು.

"ಮೂರನೇ ಸಾಲು ಸರಿಯೋ ಇಲ್ವೋ, ನನಗೆ ಖಾತ್ರಿ ಇಲ್ಲ," ಅಂದೆ.

"ಬಾಯಿಗೆ ಹತ್ತೈತಲ್ಲ, ಬಿಡಿ," ಅಂದರು ಮುನಿಯಪ್ಪ. ಗೋಣಿಯನ್ನು ಮಡಚಿ ಮೂಲೆಗಿಟ್ಟರು. ಚರ್ಮದ ತಮಟೆಯನ್ನು ಅದರ ಮೇಲೆ, ಎದುರಿಗೆ ಕಾಣುವ ಹಾಗೆ ಇಟ್ಟರು. ಮುಂದಿನ ಭಾನುವಾರ ಒಣಗಿದ ಹುಲ್ಲು ಯಾರು ತರುತ್ತೀರಿ ಎಂದು ಕೇಳಿದರು.

ಒಂದೂವರೆ ತಿಂಗಳು ಬಿಟ್ಟು ಮತ್ತೆ ಗೌನಿಪಲ್ಲಿಗೆ ಹೋದೆ. ತಪ್ಪು ಒಪ್ಪಿಕೊಂಡು ನಿಜವಾದ ಮೂರನೆಯ ಸಾಲನ್ನು ಕೇಳಿಕೊಂಡು ಬರುವುದು ಉದ್ದೇಶ. ವೆಂಕಟಮ್ಮ ಅಂಗಳ ಗುಡಿಸುತ್ತಾ ಏನೋ ಗುನುಗುತ್ತಿದ್ದರು. ಹತ್ತಿರ ಹೋದಾಗ ಕೇಳಿಸಿತು. ನೆರಳಿನ ಹಾಡೇ. ಎಲೆಯ ಮೇಲೆ ಹೆಸರಿಲ್ಲ ನೋಡು.

"ಮೂರನೇ ಸಾಲು ಹಾಗೇ ಇತ್ತೇ ವೆಂಕಟಮ್ಮ? ಮೊದಲು ನೀವು ನನಗೆ ಹೇಳಿದಾಗ?"

ಅವರು ಪೊರಕೆ ನಿಲ್ಲಿಸಿ ಯೋಚಿಸಿದರು. "ಟೊಮೆಟೊ ಬಿಡಿಸೋಕೆ ಹೋಗೋ ಹೆಣ್ಮಕ್ಕಳು ಹಿಂಗೇ ಹಾಡ್ತಾವ್ರೆ. ನಾನು ಬೇರೆ ಹೇಳಿದ್ನಾ ಸಾಮಿ?"

"ನನಗೆ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ," ಅಂದರು. ಅದರಿಂದ ಅವರಿಗೆ ಕಿಂಚಿತ್ತೂ ಬೇಸರವಾದಂತೆ ಕಾಣಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕುಳಿತು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದರು. "ಇನ್ನೊಂದು ಐತೆ. ಬನ್ನಿ."

ನಾನು ಕುಳಿತು ಕಿವಿ ಕೊಟ್ಟೆ.